ಸತ್ತವರ ಹಬ್ಬದ ದಿನ ಓಟು: ಸೆಬು ಪ್ರಾಂತ್ಯದ ಬರಂಗಾಯ್ ಚುನಾವಣೆ

ಈ ವರ್ಷ, ಅಂದ್ರೆ 2026ರ ನವೆಂಬರ್ 2 ಸೋಮವಾರ ಬರುತ್ತೆ. ಫಿಲಿಪೀನ್ಸಲ್ಲಿ ಅದು ಸತ್ತವರ ದಿನ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹೇಗೆ ಎಲ್ಲಿದ್ರೂ ಊರಿಗೆ ಬಂದು ಹಿರಿಯರಿಗೆ ಎಡೆ ಇಡ್ತೀವೋ ಹಂಗೇ ಅಲ್ಲಿ ನವೆಂಬರ್ ಒಂದು ಎರಡನೇ ತಾರೀಖು ಎಲ್ಲರೂ ಊರಿಗೆ ಹೋಗ್ತಾರೆ, ಸಮಾಧಿ ತೊಳೀತಾರೆ, ಸುಣ್ಣ ಬಳೀತಾರೆ, ಮೇಣದಬತ್ತಿ ಹಚ್ಚಿ ಅಲ್ಲೇ ಕೂತು ಊಟ ಮಾಡ್ತಾರೆ. ಸೆಬು ಕಡೆ ಜನ ಇದನ್ನ ಕಲಾಗ್-ಕಲಾಗ್ ಅಂತಾರೆ. ಈ ಸಲ ಅದೇ ದಿನ ದೇಶಪೂರ್ತಿ ಬರಂಗಾಯ್ ಎಲೆಕ್ಷನ್ನು. ಇನ್ನೊಂದು ವಿಷಯ ನೆನಪಲ್ಲಿ ಇಟ್ಕೊಳ್ಳಿ, ಅದಾಗಿ ಎರಡೇ ದಿನಕ್ಕೆ ನವೆಂಬರ್ 4, ಸೆಬುವಿನ ದೊಡ್ಡ ಪ್ರವಾಹಕ್ಕೆ ಒಂದು ವರ್ಷ ತುಂಬುತ್ತೆ. ನಾನಿವತ್ತು ಮಾತಾಡ್ಬೇಕು ಅಂತ ಬಂದಿರೋದು ಈ ಎರಡು ತಾರೀಖಿನ ಬಗ್ಗೆನೇ.

ನಾನು ಸೆಬುವಲ್ಲಿ ನಾಲ್ಕು ವರ್ಷ ಇದ್ದೆ, ಕೆಲಸ ನೈಟ್ ಶಿಫ್ಟು, ಮನೆ ಇದ್ದಿದ್ದು ತಾಲಿಸಾಯ್ ಅನ್ನೋ ಊರಲ್ಲಿ. ಸೆಬು ಸಿಟಿಗೆ ಅಂಟಿಕೊಂಡೇ ಇರೋ ಊರು ಅದು, ಮಧ್ಯದಲ್ಲಿ ಮನಂಗಾ ಅನ್ನೋ ಹೊಳೆ ಹರಿಯುತ್ತೆ. ಮನೆ ಓನರಮ್ಮನಿಗೆ ಅರವತ್ತು ದಾಟಿತ್ತು, ಅವರು ನನ್ನ ದೊಂಗ್ ಅಂತ ಕರೀತಿದ್ರು, ನಮ್ಮಲ್ಲಿ ತಮ್ಮಾ ಅಂತೀವಲ್ಲ ಹಂಗೆ, ನಾನು ಅವರನ್ನ ನಾಯ್ ಅಂತಿದ್ದೆ, ಅಂದ್ರೆ ಅಮ್ಮ. ಮಧ್ಯೆ ಮಧ್ಯೆ ಅವರ ಮಾತು ಬರುತ್ತೆ, ಯಾಕಂದ್ರೆ ನನಗೆ ಅಲ್ಲಿನ ರಾಜಕೀಯ ಅರ್ಥ ಆಗಿದ್ದು ಪೇಪರ್ ಓದಿ ಅಲ್ಲ, ಅವರ ಅಡುಗೆಮನೆ ಬಾಗಿಲಲ್ಲಿ ಕೂತು.

ಮೊದಲು ಬರಂಗಾಯ್ ಅಂದ್ರೇನು ಅಂತ ಹೇಳ್ಬಿಡ್ತೀನಿ. ನಮ್ಮ ಗ್ರಾಮ ಪಂಚಾಯ್ತಿ ಅಂದ್ಕೊಳ್ಳಿ, ಆದ್ರೆ ಅದಕ್ಕಿಂತ ಚಿಕ್ಕದು ಮತ್ತೆ ಸಿಟಿ ಒಳಗೂ ಇರುತ್ತೆ. ದೇಶಪೂರ್ತಿ ಸುಮಾರು 42 ಸಾವಿರ ಬರಂಗಾಯ್ ಇದಾವೆ, ಸೆಬು ಪ್ರಾಂತ್ಯ ಒಂದರಲ್ಲೇ ಸಾವಿರದ ಮೇಲೆ. ಒಬ್ಬರು ಕ್ಯಾಪ್ಟನ್ನು, ಏಳು ಜನ ಕಗಾವದ್‌ಗಳು ಅಂದ್ರೆ ಮೆಂಬರ್‌ಗಳು, ಜೊತೆಗೆ ಹುಡುಗರ ಕೌನ್ಸಿಲ್ ಒಂದು. ಕ್ಯಾಪ್ಟನ್ನ ಎಲ್ಲರೂ ಕರೆಯೋದು ಕ್ಯಾಪ್ ಅಂತ. ಕೆಲಸಕ್ಕೆ ಸೇರ್ಬೇಕಾ, ಅಂಗಡಿ ಹಾಕ್ಬೇಕಾ, ಬರಂಗಾಯ್ ಕ್ಲಿಯರೆನ್ಸ್ ಬೇಕು. ಪಕ್ಕದ ಮನೆಯವರ ಜೊತೆ ಗೋಡೆ ಜಗಳನಾ, ಕೋರ್ಟಿಗೆ ಹೋಗೋ ಮುಂಚೆ ಬರಂಗಾಯ್ ಲುಪೋನ್ ಅಂದ್ರೆ ರಾಜಿ ಸಮಿತಿ ಮುಂದೆ ಕೂತು ರಾಜಿಗೆ ಪ್ರಯತ್ನ ಮಾಡ್ಲೇಬೇಕು. ಗಂಡ ಹೊಡೀತಾನಾ, ಆ ಹೆಂಗಸು ನೇರ ಕ್ಯಾಪ್ ಹತ್ರ ಹೋಗ್ಬಹುದು, 2004ರ ಕಾನೂನಿನ ಪ್ರಕಾರ 15 ದಿನದ ರಕ್ಷಣಾ ಆದೇಶ ಕೊಡೋ ಅಧಿಕಾರ ಕ್ಯಾಪ್‌ಗೆ ಇದೆ. ನಮ್ಮ ಪಂಚಾಯ್ತಿ ಅಧ್ಯಕ್ಷರಿಗೆ ಇಂಥದ್ದೊಂದು ಅಧಿಕಾರ ಇದ್ದಿದ್ರೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಬರಂಗಾಯ್ ಅನ್ನೋ ಹೆಸರು ಬಂದಿದ್ದು ಬಲಂಗಾಯ್ ಅನ್ನೋ ಮಾತಿಂದ. ಬಲಂಗಾಯ್ ಅಂದ್ರೆ ಹಲಗೆ ಜೋಡಿಸಿ ಮಾಡಿದ ಹಳೇ ಕಾಲದ ದೋಣಿ. ಒಂದು ದೋಣಿಲಿ ಬಂದ ಬಂಧು ಬಳಗ ದಡದಲ್ಲಿ ಇಳಿದು ಒಂದು ಊರಾಗಿ ನಿಂತ್ರು, ದೋಣಿ ಹೆಸರೇ ಊರಿಗೆ ಆಯ್ತು ಅಂತ ಹೇಳ್ತಾರೆ. ಸ್ಪೇನ್ ಕಡೆಯಿಂದ ಹಡಗಲ್ಲಿ ಹೊರಟ ಮಗೆಲನ್ 1521ರಲ್ಲಿ ಸೆಬುಗೆ ಬಂದಾಗ ಅಲ್ಲಿದ್ದಿದ್ದೂ ಇಂಥ ಸಣ್ಣ ಸಣ್ಣ ಊರುಗಳೇ, ಎದುರಿಗೇ ಇರೋ ಮಕ್ತಾನ್ ದ್ವೀಪದ ಲಾಪು-ಲಾಪು ಅನ್ನೋ ನಾಯಕನ ಕಡೆಯವರ ಕೈಲೇ ಮಗೆಲನ್ ಸತ್ತಿದ್ದು. ಈ ದೋಣಿ ವಿಷಯ ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಈಗ ಎಲೆಕ್ಷನ್ ಹೇಗೆ ನಡೆಯುತ್ತೆ ಅನ್ನೋದು. ಮೇಯರ್, ಗವರ್ನರ್, ಸೆನೆಟರ್ ಎಲೆಕ್ಷನ್ನಿಗೆ ಅಲ್ಲಿ ಮೆಷಿನ್ ಇದೆ, ಪೇಪರಲ್ಲಿ ಗೋಲ ತುಂಬಿ ಮೆಷಿನ್ನಿಗೆ ಹಾಕಿದ್ರೆ ರಾತ್ರಿಗೆ ರಿಸಲ್ಟ್ ಬರೋಕೆ ಶುರುವಾಗುತ್ತೆ. ಬರಂಗಾಯ್‌ಗೆ ಹಂಗಲ್ಲ. ಖಾಲಿ ಗೆರೆ ಇರೋ ಬ್ಯಾಲೆಟ್ ಕೊಡ್ತಾರೆ, ಓಟು ಹಾಕೋರು ತಮ್ಮ ಕೈಯಾರೆ ಹೆಸರು ಬರೀಬೇಕು, ಕ್ಯಾಪ್ಟನ್ನಿಗೆ ಒಂದು ಹೆಸರು, ಕಗಾವದ್‌ಗೆ ಏಳು ಹೆಸರು. ಚಿಹ್ನೆ ಇಲ್ಲ, ಪಾರ್ಟಿ ಇಲ್ಲ. ಪಾರ್ಟಿ ಹೆಸರಲ್ಲಿ ನಿಲ್ಲೋ ಹಂಗಿಲ್ಲ ಅಂತ ಕಾನೂನೇ ಇದೆ, ನಮ್ಮ ಗ್ರಾಮ ಪಂಚಾಯ್ತಿ ಎಲೆಕ್ಷನ್ ಥರಾನೇ.

2023ರ ಅಕ್ಟೋಬರ್ 30ಕ್ಕೆ ಹಿಂದಿನ ಎಲೆಕ್ಷನ್ ಆಯ್ತು, ಅವತ್ತು ಸಂಜೆ ನಾಯ್ ನನ್ನ ಶಾಲೆ ಹತ್ರ ಕರ್ಕೊಂಡು ಹೋಗಿದ್ರು, ಅವರ ಅಕ್ಕನ ಮಗ ಕಗಾವದ್‌ಗೆ ನಿಂತಿದ್ದ. ನಾವು ಕಿಟಕಿ ಹೊರಗೆ ನಿಂತಿದ್ವಿ, ನಮ್ಮ ಥರ ಇನ್ನೂ ಮೂವತ್ತು ನಲವತ್ತು ಜನ ಕಿಟಕಿ ಸರಳು ಹಿಡ್ಕೊಂಡು ನಿಂತಿದ್ರು. ಒಳಗೆ ಮೂರು ಜನ ಟೀಚರ್‌ಗಳು. ಒಬ್ಬರು ಒಂದೊಂದೇ ಬ್ಯಾಲೆಟ್ ಬಿಚ್ಚಿ ಜೋರಾಗಿ ಹೆಸರು ಓದೋದು, ಇನ್ನೊಬ್ಬರು ಬೋರ್ಡ್ ಮೇಲೆ ಅಂಟಿಸಿರೋ ದೊಡ್ಡ ಹಾಳೇಲಿ ಆ ಹೆಸರಿನ ಮುಂದೆ ಒಂದು ಗೀಟು ಎಳೆಯೋದು, ನಾಲ್ಕು ಗೀಟು ಆದ್ಮೇಲೆ ಐದನೇದು ಅಡ್ಡ. ನಾವು ಚಿಕ್ಕವರಿದ್ದಾಗ ಭತ್ತದ ಮೂಟೆ ಲೆಕ್ಕ ಹಾಕೋಕೆ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಹಾಕ್ತಿದ್ರಲ್ಲ, ಥೇಟ್ ಅದೇ. ಒಂದು ಬ್ಯಾಲೆಟ್ಟಲ್ಲಿ ಎಂಟು ಹೆಸರು, ಹಂಗೆ ನೂರಾರು ಬ್ಯಾಲೆಟ್ಟು, ಸೆಖೆ, ಫ್ಯಾನ್ ಇದ್ರೂ ಪೇಪರ್ ಹಾರುತ್ತೆ ಅಂತ ಹಾಕ್ತಿರಲಿಲ್ಲ, ಓದಿ ಓದಿ ಟೀಚರ್ ದನಿ ಬಿದ್ದು ಹೋಗಿತ್ತು, ಮಧ್ಯದಲ್ಲಿ ಒಂದು ಗುಟುಕು ನೀರು ಕುಡಿದು ಮತ್ತೆ ಶುರು ಮಾಡ್ತಿದ್ರು.

ಒಂದು ಬ್ಯಾಲೆಟ್ಟಲ್ಲಿ ಹೆಸರು ತಪ್ಪಾಗಿ ಬರೆದಿದ್ರು, ಎರಡು ಅಕ್ಷರ ಅದಲು ಬದಲಾಗಿತ್ತು. ಟೀಚರ್ ಅದನ್ನ ಎತ್ತಿ ಎಲ್ಲ ಏಜೆಂಟರಿಗೂ ತೋರಿಸಿದ್ರು, ಗಟ್ಟಿಯಾಗಿ ಓದಿದ್ರು, ಓದಿದಾಗ ಅದೇ ಹೆಸರಿನ ಥರ ಕೇಳುತ್ತೆ ಅಂತ ಓಟು ಕೊಟ್ರು. ಅಲ್ಲಿನ ಚುನಾವಣಾ ಕಾನೂನಲ್ಲೇ ಹಂಗಿದೆ, ಬರವಣಿಗೆ ತಪ್ಪಿದ್ರೂ ಉಚ್ಚಾರಣೆ ಒಂದೇ ಥರ ಇದ್ರೆ ಆ ಓಟು ಸಿಂಧು. ಸಿದ್ದಪ್ಪ ಅನ್ನೋದನ್ನ ಸಿದಪ್ಪ ಅಂತ ಬರೆದ್ರೂ ಸಿದ್ದಪ್ಪಂಗೇ ಹೋಗುತ್ತೆ ಅಂತ. ಅಷ್ಟು ಓದು ಬರಹ ಇಲ್ಲದ ಒಬ್ಬ ಮೀನುಗಾರ ಕಷ್ಟಪಟ್ಟು ಬರೆದ ನಾಲ್ಕು ಅಕ್ಷರಕ್ಕೆ ಕಾನೂನು ಇಷ್ಟು ಮರ್ಯಾದೆ ಕೊಡುತ್ತಲ್ಲ, ಅದನ್ನ ನೋಡಿ ನನಗೆ ಗಂಟಲು ಕಟ್ಟಿತ್ತು. ಇಬ್ಬರಿಗೂ ಸಮ ಸಮ ಓಟು ಬಿದ್ರೆ ಚೀಟಿ ಎತ್ತಿ ತೀರ್ಮಾನ ಮಾಡ್ತಾರೆ, ಅದೂ ಎಲ್ಲರ ಕಣ್ಣ ಮುಂದೆ.

ಆದ್ರೆ ಇದೇ ಕೈಬರಹಕ್ಕೆ ಇನ್ನೊಂದು ಮುಖ ಇದೆ, ಅದನ್ನೂ ಹೇಳ್ಬೇಕು. ಒಂದು ಬೂತಲ್ಲಿ ಕೆಲವೇ ನೂರು ಓಟು ಇರೋದು. ನಿಮ್ಮ ಬೀದಿಯ ಲೀಡರು ನಿಮ್ಮ ಮನೇಲಿ ಐದು ಓಟಿದೆ ಅಂತ ದುಡ್ಡು ಕೊಟ್ಟು ಹೋಗಿದ್ರೆ, ರಾತ್ರಿ ಆ ಹಾಳೆ ಮೇಲಿನ ಗೀಟು ಎಣಿಸಿ ನೋಡಿದ್ರೆ ಅವನಿಗೆ ಗೊತ್ತಾಗಿಬಿಡುತ್ತೆ. ದೊಡ್ಡ ಎಲೆಕ್ಷನ್ನಲ್ಲಿ ಲಕ್ಷ ಓಟಿನ ಮಧ್ಯೆ ನಿಮ್ಮದು ಮುಚ್ಚಿಹೋಗುತ್ತೆ, ಇಲ್ಲಿ ಹೋಗಲ್ಲ. ಅದಕ್ಕೇ ಬರಂಗಾಯ್ ಎಲೆಕ್ಷನ್ನಲ್ಲಿ ದುಡ್ಡಿನ ಹಾವಳಿ ಜಾಸ್ತಿ. ಐವತ್ತು ಓಟಲ್ಲಿ ಗೆಲ್ಲೋದು ಸೋಲೋದು ಇರುವಾಗ ಐವತ್ತು ಜನರನ್ನ ಕೊಂಡ್ಕೊಳ್ಳೋದು ಎಷ್ಟೊತ್ತಿನ ಕೆಲಸ ಹೇಳಿ. ಕಾನೂನು ಪ್ರಕಾರ ಅಭ್ಯರ್ಥಿ ಒಬ್ಬ ಮತದಾರರಿಗೆ 5 ಪೆಸೊ ಲೆಕ್ಕದಲ್ಲಷ್ಟೇ ಖರ್ಚು ಮಾಡ್ಬಹುದು, ಪ್ರಚಾರಕ್ಕೆ ಹತ್ತೇ ದಿನ. ಬೀದೀಲಿ ನಾನು ನೋಡಿದ ಲೆಕ್ಕಕ್ಕೂ ಇದಕ್ಕೂ ಸಂಬಂಧನೇ ಇರಲಿಲ್ಲ, ಎಲೆಕ್ಷನ್ ಹಿಂದಿನ ರಾತ್ರಿ ಸ್ಯಾಂಪಲ್ ಬ್ಯಾಲೆಟ್ ಅಂತ ಮಡಚಿದ ಚೀಟಿ ಮನೆ ಮನೆಗೂ ಬರೋದು, ಅದರೊಳಗೆ ಏನಿರುತ್ತೆ ಅಂತ ನಿಮಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ನಾಯ್‌ಗೂ ಬಂದಿತ್ತು. ಎರಡೂ ಕಡೆಯಿಂದ ಬಂದಿತ್ತು.

ಪಾರ್ಟಿನೇ ಇಲ್ಲ ಅಂದ್ಮೇಲೆ ಈ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳ್ತೀರಾ. ಅಲ್ಲೇ ಇರೋದು ವಿಷಯ. ಮೇಯರಿಗೆ, ಎಂಪಿಗೆ, ಗವರ್ನರಿಗೆ ಕ್ಯಾಪ್‌ಗಳು ಬೇಕು. ಯಾರ ಮನೇಲಿ ಎಷ್ಟು ಓಟಿದೆ, ಯಾರಿಗೆ ಔಷಧಿ ಬೇಕು, ಯಾರ ಮಗನಿಗೆ ಕೆಲಸ ಇಲ್ಲ, ಎಲ್ಲ ಗೊತ್ತಿರೋದು ಕ್ಯಾಪ್‌ಗೆ. ಅಷ್ಟೇ ಅಲ್ಲ, ಒಂದು ಊರಿನ ಎಲ್ಲ ಕ್ಯಾಪ್‌ಗಳೂ ಸೇರಿ ತಮ್ಮಲ್ಲೇ ಒಬ್ಬರನ್ನ ಅಧ್ಯಕ್ಷ ಅಂತ ಆರಿಸ್ತಾರೆ, ಅವರಿಗೆ ಊರಿನ ಕೌನ್ಸಿಲ್ಲಲ್ಲಿ ನೇರ ಒಂದು ಸೀಟು ಸಿಗುತ್ತೆ, ಪ್ರಾಂತ್ಯದ ಮಟ್ಟದಲ್ಲೂ ಹಂಗೇ. ಅಂದ್ರೆ ಬರಂಗಾಯ್ ಗೆದ್ದೋರಿಗೆ ಮೇಲಿನ ಸಭೇಲೂ ಒಂದು ಓಟು ಸಿಕ್ತು. ಪಾರ್ಟಿ ಇಲ್ಲ ಅನ್ನೋದು ಬ್ಯಾಲೆಟ್ ಮೇಲೆ ಮಾತ್ರ.

ಸೆಬುವಲ್ಲಿ ಮೇಲಿನ ಕಥೆ ಏನು ಅಂತ ಸ್ವಲ್ಪ ಹೇಳ್ತೀನಿ, ಇಲ್ದೇ ಹೋದ್ರೆ ಈ ನವೆಂಬರ್ ಯಾಕೆ ಮುಖ್ಯ ಅಂತ ಗೊತ್ತಾಗಲ್ಲ. ಇಡೀ ಫಿಲಿಪೀನ್ಸಲ್ಲಿ ಅತಿ ಹೆಚ್ಚು ಮತದಾರರಿರೋ ಪ್ರಾಂತ್ಯ ಸೆಬು, ಮೂವತ್ತು ಲಕ್ಷಕ್ಕೂ ಮೇಲೆ. ಪ್ರೆಸಿಡೆಂಟ್ ಆಗ್ಬೇಕು ಅನ್ನೋರು ಯಾರೂ ಸೆಬುಗೆ ಬರದೇ ಇರಲ್ಲ. 1995ರಿಂದ 2004ರ ತನಕ ಪಾಬ್ಲೊ ಗಾರ್ಸಿಯಾ ಗವರ್ನರ್, 2004ರಿಂದ 2013ರ ತನಕ ಅವರ ಮಗಳು ಗ್ವೆನ್ ಗಾರ್ಸಿಯಾ, ಮಧ್ಯೆ ಆರು ವರ್ಷ ಹಿಲಾರಿಯೊ ದಾವಿದೆ, 2019ರಿಂದ ಮತ್ತೆ ಗ್ವೆನ್. ಅವರ ಮಗಳು ಲಿಲೊವಾನ್ ಮೇಯರ್ ಆಗಿದ್ದೋರು, ಆಮೇಲೆ ದೇಶದ ಟೂರಿಸಂ ಮಂತ್ರಿ, ಅಳಿಯ ಎಂಪಿ. ದಾನಾವ್ ಕಡೆ ಹೋದ್ರೆ ದುರಾನೊ ಮನೆತನ. ಹಿಂಗೇ ಊರೂರಿಗೆ ಒಂದೊಂದು ಮನೆತನ. ಅವರಲ್ಲಿ ಒಳ್ಳೇ ಕೆಲಸ ಮಾಡಿದೋರು ಇಲ್ಲ ಅಂತ ನಾನು ಹೇಳ್ತಿಲ್ಲ, ನಾಯ್ ಮನೆ ಮುಂದಿನ ರಸ್ತೆ ಆಗಿದ್ದೂ ಅಂಥವರ ಕಾಲದಲ್ಲೇ. ಆದ್ರೆ ಅಧಿಕಾರ ಒಂದೇ ಊಟದ ಟೇಬಲ್ ಸುತ್ತ ಸುತ್ತೋಕೆ ಶುರು ಆದ್ರೆ ಆ ಟೇಬಲ್ಲಿಗೆ ಪ್ರಶ್ನೆ ಕೇಳೋರು ಯಾರು?

2025ರ ಮೇ 12ಕ್ಕೆ ಯಾರೂ ಅಂದ್ಕೊಳ್ಳದೇ ಇದ್ದಿದ್ದು ಆಯ್ತು. ಹಿಂದೆ ಯಾವ ಅಧಿಕಾರದಲ್ಲೂ ಇಲ್ಲದಿದ್ದ ಪಾಮ್ ಬಾರಿಕ್ವಾತ್ರೊ ಅನ್ನೋರು ಗ್ವೆನ್ ಗಾರ್ಸಿಯಾರನ್ನ ಮೂರು ಲಕ್ಷಕ್ಕೂ ಹೆಚ್ಚು ಓಟಲ್ಲಿ ಸೋಲಿಸಿದ್ರು. ಬದಲಾವಣೆ ಬಂತು ಅಂತ ಜನ ಕುಣಿದ್ರು. ನನಗೂ ಖುಷಿ ಆಯ್ತು. ಆದ್ರೆ ನೋಡಿ, ಗವರ್ನರ್ ಬದಲಾದ್ರು, ಕೆಳಗಿನ ಸಾವಿರಕ್ಕೂ ಹೆಚ್ಚು ಕ್ಯಾಪ್‌ಗಳು ಅವರೇ, 2023ರಲ್ಲಿ ಗೆದ್ದೋರು. ಮರದ ಮೇಲಿನ ಕೊಂಬೆ ಕಡಿದ್ರು, ಬೇರು ಇದ್ದಲ್ಲೇ ಇದೆ. ಆ ಬೇರು ಏನಾಗುತ್ತೆ ಅನ್ನೋದು ಈ ನವೆಂಬರಲ್ಲಿ ಗೊತ್ತಾಗೋದು.

ಅದು ಇನ್ನೂ ಮುಂಚೆನೇ ಗೊತ್ತಾಗ್ಬೇಕಿತ್ತು. ಬರಂಗಾಯ್ ಎಲೆಕ್ಷನ್ನನ್ನ ಮುಂದೂಡೋದು ಅಲ್ಲಿ ಒಂದು ರೂಢಿನೇ ಆಗಿಹೋಗಿದೆ. 2018ರ ಮೇ ತಿಂಗಳಲ್ಲಿ ಆಗಿದ್ದು, ಮುಂದಿನದು 2020ಕ್ಕೆ ಆಗ್ಬೇಕಿತ್ತು, 2022ರ ಡಿಸೆಂಬರ್‌ಗೆ ಹಾಕಿದ್ರು, ಅಲ್ಲಿಂದ 2023ರ ಅಕ್ಟೋಬರ್‌ಗೆ ಹಾಕಿದ್ರು. ಆ ಕೊನೇ ಮುಂದೂಡಿಕೆ ಸಂವಿಧಾನಕ್ಕೆ ವಿರುದ್ಧ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳ್ತು. ಆಮೇಲಿನದು 2025ರ ಡಿಸೆಂಬರ್ 1ಕ್ಕೆ ಅಂತ ಆಯ್ತು. 2025ರ ಆಗಸ್ಟಲ್ಲಿ ಇನ್ನೊಂದು ಕಾನೂನು ಬಂತು, 12232ನೇ ನಂಬರಿನದು, ಅವಧಿನ ನಾಲ್ಕು ವರ್ಷ ಮಾಡಿ ಎಲೆಕ್ಷನ್ನ 2026ರ ನವೆಂಬರ್‌ಗೆ ತಗೊಂಡು ಹೋದ್ರು.

ನಮ್ಮಲ್ಲೂ ಈ ಕಾಯಿಲೆ ಇದೆ ಅಂತ ನಿಮಗೆ ಗೊತ್ತು. ಜಿಲ್ಲಾ ಪಂಚಾಯ್ತಿ ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಓಟು ಹಾಕಿದ್ವಿ, 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ಇಲ್ಲ. ಒಂದು ವ್ಯತ್ಯಾಸ ಇದೆ, ನಮ್ಮಲ್ಲಿ ಆ ಕುರ್ಚಿಗೆ ಅಧಿಕಾರಿಗಳು ಬಂದು ಕೂತ್ಕೋತಾರೆ, ಅಲ್ಲಿ ಹಳೇ ಕ್ಯಾಪೇ ಮುಂದುವರೀತಾರೆ. 2018ರಲ್ಲಿ ಎರಡು ವರ್ಷಕ್ಕೆ ಅಂತ ಓಟು ಕೊಟ್ಟ ಜನರನ್ನ ಕೇಳದೇ ಐದು ವರ್ಷ ಕೂತ್ಕೊಂಡ್ರು. ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ನನ್ನ ಕೇಳಿದ್ರೆ ಎರಡೂ ಒಂದೇ ಅಂತೀನಿ, ಎರಡರಲ್ಲೂ ಓಟು ಹಾಕೋರ ಕೈಯಿಂದ ಕಿತ್ಕೊಂಡಿದ್ದು ಅದೇ ವಸ್ತು.

ಈ ಸಲ ಕಿತ್ಕೊಂಡಿದ್ದು ಎಷ್ಟು ದೊಡ್ಡದು ಅನ್ನೋದಕ್ಕೆ 2025ರಲ್ಲಿ ಸೆಬುವಲ್ಲಿ ಏನೇನಾಯ್ತು ನೋಡಿ. ಸೆಪ್ಟೆಂಬರ್ 30ರ ರಾತ್ರಿ ಹತ್ತು ಗಂಟೆ ಹತ್ತಿರ ಬೋಗೊ ಅನ್ನೋ ಊರಿನ ಪಕ್ಕ 6.9ರ ಭೂಕಂಪ. ಬೋಗೊ, ಸಾನ್ ರೆಮಿಹಿಯೊ, ಮೆದೆಲ್ಲಿನ್, ಉತ್ತರದ ಊರುಗಳೆಲ್ಲ ಬಿದ್ದುಹೋದ್ವು, 70ಕ್ಕೂ ಹೆಚ್ಚು ಜನ ಸತ್ರು. ಜನ ಇನ್ನೂ ಟೆಂಟಲ್ಲಿ ಮಲಗ್ತಿದ್ರು, ನವೆಂಬರ್ 4ಕ್ಕೆ ಟೀನೊ ಅನ್ನೋ ಚಂಡಮಾರುತ ಬಂತು. ಒಂದೇ ರಾತ್ರಿ ಸುರಿದ ಮಳೆಗೆ ಬೆಳಗಾಗೋ ಹೊತ್ತಿಗೆ ತಾಲಿಸಾಯಲ್ಲಿ ಮನಂಗಾ, ಮಂದಾವೆಲಿ ಬುತುವಾನೊನ್, ಲಿಲೊವಾನ್ ಕಂಪೊಸ್ತೆಲಾ ಕಡೆ ಕೊತ್‌ಕೊತ್, ಎಲ್ಲ ಹೊಳೇನೂ ಮನೆ ಒಳಗೆ. ಕಾರುಗಳು ಒಂದರ ಮೇಲೊಂದು ಬಿದ್ದಿರೋ ಫೋಟೋ ನೀವೂ ನೋಡಿರ್ತೀರ. ಸೆಬುವಲ್ಲೇ ನೂರಕ್ಕೂ ಹೆಚ್ಚು ಜನ ಹೋದ್ರು. ಪ್ರವಾಹ ತಡೆಗೋಡೆಗೆ ಅಂತ ಸೆಬು ಹೆಸರಲ್ಲಿ 2,600 ಕೋಟಿ ಪೆಸೊಗೂ ಮೇಲೆ ತೋರಿಸಿದಾರೆ, ಆದ್ರೂ ಹಿಂಗೆ ಮುಳುಗಿದ್ವಲ್ಲ ಅಂತ ಗವರ್ನರೇ ಬಹಿರಂಗವಾಗಿ ಕೇಳಿದ್ರು.

ನಾನು ಅಷ್ಟೊತ್ತಿಗೆ ಇಲ್ಲಿಗೆ ವಾಪಸ್ ಬಂದಾಗಿತ್ತು. ಸುದ್ದಿ ನೋಡಿ ನಾಯ್‌ಗೆ ಫೋನ್ ಮಾಡಿದ್ರೆ ಎರಡು ದಿನ ಸಿಗಲಿಲ್ಲ. ಮೂರನೇ ದಿನ ಸಿಕ್ಕಿದ್ರು. ಮಹಡಿ ಮೇಲಿನ ತಗಡು ಶೀಟಿನ ಮೇಲೆ ಏಳು ಗಂಟೆ ಕೂತಿದ್ರಂತೆ, ಮೊಮ್ಮಗನ್ನ ಬೆನ್ನಿಗೆ ಸೀರೆ ಥರದ ಬಟ್ಟೇಲಿ ಕಟ್ಕೊಂಡು. ಕೆಳಗಡೆ ಹಿಂದಿನ ಸಾಲಲ್ಲಿ ಒಂದು ಮನೇಲಿ ಗಂಡ ಹೆಂಡ್ತಿ ಇಬ್ರೂ ಹೊರಗೆ ಬರೋಕಾಗದೇ ಹೋದ್ರು, ಅವರ ಕೂಗು ಕೇಳ್ತಿತ್ತು, ಆಮೇಲೆ ಕೇಳಲಿಲ್ಲ ಅಂದ್ರು. ನಾನು ಕೇಳ್ದೆ, ಬರಂಗಾಯಿಂದ ಯಾರೂ ಬರಲಿಲ್ವಾ ಅಂತ. ಇಬ್ಬರು ತನೋದ್‌ಗಳು, ಅಂದ್ರೆ ಬರಂಗಾಯ್ ಕಾವಲಿನವರು, ಸೊಂಟಕ್ಕೆ ಹಗ್ಗ ಕಟ್ಕೊಂಡು ಬಂದ್ರು ದೊಂಗ್, ಆದ್ರೆ ದೋಣಿ ಇರಲಿಲ್ಲ, ದೋಣಿ ಇದ್ದಿದ್ರೆ ಹಿಂದಿನ ಸಾಲಿಗೆ ಹೋಗ್ಬಹುದಿತ್ತು ಅಂದ್ರು. ಆ ಹುಡುಗರ ಬಗ್ಗೆ ಹೇಳುವಾಗ ಅತ್ತುಬಿಟ್ರು, ಅದರಲ್ಲೊಬ್ಬನಿಗೆ ಕಾಲು ಪೂರ್ತಿ ತಗಡು ಕುಯ್ದಿತ್ತಂತೆ.

ಈಗ ಲೆಕ್ಕ ಹಾಕಿ. ಆ ಎಲೆಕ್ಷನ್ನು ಹಳೇ ತಾರೀಖಿಗೇ, 2025ರ ಡಿಸೆಂಬರ್ 1ಕ್ಕೇ ಆಗಿದ್ದಿದ್ರೆ, ಪ್ರವಾಹ ಆಗಿ 27 ದಿನಕ್ಕೆ ಜನ ಓಟು ಹಾಕ್ತಿದ್ರು. ಗೋಡೆ ಮೇಲಿನ ಕೆಸರಿನ ಗುರುತು ಹಂಗೇ ಇರುವಾಗ. ಮುಂದೂಡೋ ಕಾನೂನು ಮಾಡುವಾಗ ಪ್ರವಾಹ ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ಮತ್ತೆ ಟೆಂಟಲ್ಲಿರೋ ಜನರ ಹತ್ರ ಹೋಗಿ ಓಟು ಹಾಕಿ ಅನ್ನೋದೂ ಕಷ್ಟನೇ ಆಗ್ತಿತ್ತು, ಅದನ್ನೆಲ್ಲ ನಾನು ಒಪ್ಕೋತೀನಿ. ಆದ್ರೂ ಒಂದು ಮಾತು. ಯಾರು ಬಾಗಿಲು ಬಡಿದ್ರು, ಯಾರು ಬಡೀಲಿಲ್ಲ ಅನ್ನೋದು ಕಣ್ಣ ಮುಂದೆ ಇರುವಾಗಿನ ಓಟೇ ಬೇರೆ, ಒಂದು ವರ್ಷ ಅಕ್ಕಿ ಪ್ಯಾಕೆಟ್ಟು, ಆಯುದಾ ಅಂತ ಕರೆಯೋ ಸಹಾಯಧನ, ಅದರ ಮೇಲೆ ಯಾರ್ಯಾರದೋ ಮುಖದ ಸ್ಟಿಕ್ಕರ್, ಇಷ್ಟೆಲ್ಲ ಆದ್ಮೇಲಿನ ಓಟೇ ಬೇರೆ.

ಬರಂಗಾಯ್ ಹತ್ರ ದುಡ್ಡೇ ಇಲ್ಲ, ಪಾಪ ಅವರೇನು ಮಾಡ್ತಾರೆ ಅನ್ನೋರೂ ಇದಾರೆ. ದುಡ್ಡಿದೆ. ರಾಷ್ಟ್ರೀಯ ತೆರಿಗೇಲಿ 40 ಪರ್ಸೆಂಟ್ ಸ್ಥಳೀಯ ಸರ್ಕಾರಗಳಿಗೆ, ಅದರಲ್ಲಿ 20 ಪರ್ಸೆಂಟ್ ಬರಂಗಾಯ್‌ಗಳಿಗೆ ಅಂತ 1991ರ ಕಾನೂನು. ಮಂದಾನಾಸ್ ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು 2022ರಿಂದ ಆ ಪಾಲು ಇನ್ನೂ ದೊಡ್ಡದಾಯ್ತು. ಬರಂಗಾಯ್ ಆದಾಯದಲ್ಲಿ ಕಮ್ಮಿ ಅಂದ್ರೂ 5 ಪರ್ಸೆಂಟ್ ವಿಪತ್ತಿಗೆ ಅಂತ ತೆಗೆದಿಡ್ಲೇಬೇಕು, ಆ 5ರಲ್ಲಿ ಮೂವತ್ತು ಭಾಗ ತುರ್ತಿಗೆ, ಎಪ್ಪತ್ತು ಭಾಗ ಮೊದಲೇ ತಯಾರಿಗೆ, ಹಗ್ಗ, ಲೈಫ್ ಜಾಕೆಟ್ಟು, ದೋಣಿ, ಸೈರನ್ನು ತಗೊಳ್ಳೋಕೆ. ಗೋಡೆ ಕಟ್ಟೋ ಸಾವಿರಾರು ಕೋಟಿ ಕ್ಯಾಪ್ ಕೈಲಿಲ್ಲ ನಿಜ. ಒಂದು ರಬ್ಬರ್ ದೋಣಿ ತಗೊಳ್ಳೋದು ಅವರ ಕೈಲಿತ್ತು.

ಇನ್ನು ಹುಡುಗರ ಕೌನ್ಸಿಲ್ ಬಗ್ಗೆ ಒಂದು ಮಾತು, ಇದನ್ನ ಹೇಳದೇ ಹೋದ್ರೆ ನನಗೆ ಸಮಾಧಾನ ಆಗಲ್ಲ. ಸಂಗುನಿಯಂಗ್ ಕಬತಾನ್, ಎಲ್ಲರೂ ಎಸ್‌ಕೆ ಅಂತಾರೆ. 15ರಿಂದ 30 ವರ್ಷದೋರು ಓಟು ಹಾಕೋದು, 18ರಿಂದ 24ರೋರು ನಿಲ್ಲೋದು, ಬರಂಗಾಯ್ ಫಂಡಲ್ಲಿ 10 ಪರ್ಸೆಂಟ್ ಇವರದ್ದು. ಹತ್ತನೇ ಕ್ಲಾಸ್ ಹುಡುಗಿ ಯೂನಿಫಾರ್ಮ್ ಬಿಚ್ಚಿಟ್ಟು ಬಂದು ಬೆರಳಿಗೆ ಶಾಯಿ ಹಾಕಿಸ್ಕೊಂಡು ಹೋಗೋದನ್ನ ನಾನೇ ನೋಡಿದೀನಿ. 1987ರ ಸಂವಿಧಾನ ರಾಜಕೀಯ ಮನೆತನಗಳನ್ನ ನಿಷೇಧಿಸ್ಬೇಕು ಅನ್ನುತ್ತೆ, ಆದ್ರೆ ಮನೆತನ ಅಂದ್ರೇನು ಅಂತ ಕಾನೂನು ಮಾಡಿ ಹೇಳ್ಬೇಕು ಅಂತ ಸೇರಿಸಿದೆ, ಆ ಕಾನೂನು ಮಾಡ್ಬೇಕಾದ ಸಂಸತ್ತಲ್ಲಿ ತುಂಬಿರೋದೇ ಮನೆತನಗಳು, ಮೂವತ್ತೈದು ವರ್ಷ ದಾಟಿದ್ರೂ ದೊಡ್ಡವರಿಗೆ ಅನ್ವಯ ಆಗೋ ಹಂಗೆ ಮಾಡಲಿಲ್ಲ. ಮಾಡಿದ್ದು 2016ರಲ್ಲಿ, ಈ ಎಸ್‌ಕೆ ಹುಡುಗರಿಗೆ. ನಿಮ್ಮಪ್ಪ ಅಮ್ಮ, ಅಣ್ಣ ತಂಗಿ, ಅಜ್ಜ ಅಜ್ಜಿ ಅಲ್ಲೇ ಅಧಿಕಾರದಲ್ಲಿದ್ರೆ ನೀನು ನಿಲ್ಲೋ ಹಂಗಿಲ್ಲ ಅಂತ. ಕಾನೂನು ಒಳ್ಳೇದೇ. ಆದ್ರೆ ಅಪ್ಪ ಗವರ್ನರ್ ಮಗಳು ಎಂಪಿ ಆಗೋಕೆ ಅಡ್ಡಿ ಇಲ್ದೇ, ಹದಿನೆಂಟರ ಹುಡುಗನ್ನ ಮಾತ್ರ ಬಾಗಿಲಲ್ಲಿ ನಿಲ್ಲಿಸಿ ನಿಂಗೆ ನೆಂಟರು ಯಾರಿದಾರೆ ಅಂತ ಕೇಳೋದು ನನಗೆ ಸಿಟ್ಟು ಬರಿಸುತ್ತೆ. ಆ ಹುಡುಗರೇ ನಾಳೆ ದೊಡ್ಡವರಾಗಿ ಇದೇ ನಿಯಮ ನಿಮಗ್ಯಾಕಿಲ್ಲ ಅಂತ ಕೇಳ್ತಾರೆ ಅನ್ನೋದೇ ನನ್ನ ಆಸೆ.

ಕಳೆದ ವಾರ ನಾಯ್ ಜೊತೆ ಮಾತಾಡ್ದೆ. ಅಕ್ಕನ ಮಗ ಈ ಸಲ ನಿಲ್ಲೋದೋ ಬೇಡ್ವೋ ಅಂತಿದಾನಂತೆ, ನಿಂತ್ರೂ ಅವನಿಗೆ ಓಟು ಗ್ಯಾರಂಟಿ ಇಲ್ಲ ಅಂದ್ರು. ಅಲ್ಲಿ ವರ್ಷಕ್ಕೆರಡು ಸಲ, ಮಾರ್ಚಲ್ಲೊಂದು ಅಕ್ಟೋಬರಲ್ಲೊಂದು, ಬರಂಗಾಯ್ ಸಭೆ ಸೇರ್ಬೇಕು, ನಮ್ಮ ಗ್ರಾಮಸಭೆ ಥರ. ಅಕ್ಟೋಬರ್ ಸಭೆ ಎಲೆಕ್ಷನ್ನಿಗೆ ಹತ್ತಿರ ಬರುತ್ತೆ. ಅವತ್ತು ಎದ್ದು ನಿಂತು ಕೇಳ್ತೀನಿ ದೊಂಗ್, ಆ 5 ಪರ್ಸೆಂಟಲ್ಲಿ ಏನು ತಗೊಂಡ್ರಿ, ದೋಣಿ ಎಲ್ಲಿ, ತೋರಿಸಿ ಅಂತ ಕೇಳ್ತೀನಿ, ಒಂದು ಪೇಪರಲ್ಲಿ ಬರೆದಿಟ್ಕೊಂಡಿದೀನಿ, ಸಭೇಲಿ ನಂಗೆ ಮಾತು ತಪ್ಪುತ್ತೆ ಅಂದ್ರು. ನವೆಂಬರ್ 2ಕ್ಕೆ ಏನ್ ಮಾಡ್ತೀರಿ ಅಂದೆ. ಬೆಳಗ್ಗೆ ಏಳಕ್ಕೇ ಶಾಲೆಗೆ ಹೋಗಿ ಓಟು ಹಾಕೋದು, ಅಲ್ಲಿಂದ ಹಿಂದಿನ ಸಾಲಿನ ಗಂಡ ಹೆಂಡ್ತಿ ಸಮಾಧಿಗೆ ಹೋಗೋದು, ಅವರ ಮಕ್ಕಳು ದೂರದಲ್ಲಿದಾರೆ, ಬರೋಕಾಗುತ್ತೋ ಇಲ್ವೋ, ಅದಕ್ಕೆ ಮೇಣದಬತ್ತಿ ನಾಲ್ಕು ಜಾಸ್ತಿ ತಗೊಂಡಿಡ್ತೀನಿ ಅಂದ್ರು.